ಮನೆಯಿಂದ ಕಾಲೇಜಿನ ಕಡತಕ್ಕೆ: ಯಾವ ಬಾಗಿಲು ಕ್ಷೇಮ?

2022ರ ಆಗಸ್ಟ್ ಕೊನೆಯಲ್ಲಿ ಹಾಗೂ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಯನ್ನು ಮಹದೇವಪುರದ ನಿವಾಸಿಗಳು ಸುಲಭವಾಗಿ ಮರೆಯಲಾರರು. ಕೆರೆಗಳು ಕೋಡಿ ಹರಿದವು. ಹೊರವರ್ತುಲ ರಸ್ತೆ ಹೊಳೆಯಾಯಿತು. ಬೆಳ್ಳಂದೂರು, ಯಮಲೂರುಗಳ ಕಡೆ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ಅಲ್ಲಿನ ಕಂಪನಿಗಳು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದವು. ಅದಕ್ಕೂ ಎರಡು ವರ್ಷ ಮೊದಲು, 2020ರ ಮಾರ್ಚಿಯಲ್ಲಿ, ಸಾಂಕ್ರಾಮಿಕ ರೋಗದ ನಿಮಿತ್ತ ಇಡೀ ದೇಶದ ಶಾಲೆ ಕಾಲೇಜುಗಳೇ ಬಾಗಿಲು ಮುಚ್ಚಿದ್ದವು. ಈ ಎರಡು ಸಂದರ್ಭಗಳು ನಮಗೆ ಒಂದು ಸಂಗತಿಯನ್ನು ಮನಗಾಣಿಸಿದವು: ಮನುಷ್ಯನು ಕಾಲೇಜಿಗೆ ಹೋಗಲಾಗದ ದಿನ ಬರಬಹುದು, ಆದರೆ ಅವನ ಕೆಲಸದ ಕಡತಗಳು ಅವನಿಗೆ ಬೇಕೇಬೇಕು.

ಹಾಗೆ ದೂರದಿಂದ ಕಡತವನ್ನು ತೆರೆಯುವ ಉಪಾಯಗಳು ಇಂದು ಹಲವಾರಿವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಕಾಲೇಜಿನ ಗಣಕ ವಿಭಾಗಕ್ಕೆ ಮಾತ್ರ ಸೇರಿದ್ದೆಂದು ಮನೆಯ ಹಿರಿಯರು ಸುಮ್ಮನಿರುವುದುಂಟು. ಆದರೆ ಬಾಗಿಲಿನ ಒಂದು ತುದಿ ಕಾಲೇಜಿನಲ್ಲಿದ್ದರೆ ಇನ್ನೊಂದು ತುದಿ ನಮ್ಮ ಮನೆಯ ಪಡಸಾಲೆಯಲ್ಲಿದೆ. ಆದ್ದರಿಂದ ಈ ವಿಷಯವನ್ನು ತಿಳಿದುಕೊಳ್ಳುವುದು ಕುಟುಂಬದ ಎಲ್ಲರಿಗೂ ಅವಶ್ಯಕ.

ಒಂದು ಕುಟುಂಬದ ಅನುಭವ

ನಮಗೆ ಪರಿಚಯವಿರುವ ಕುಟುಂಬವೊಂದು ಮಹದೇವಪುರದಲ್ಲಿದೆ. ಆ ಮನೆಯ ಮಗಳು ಎಂ.ಟೆಕ್. ಓದುತ್ತಿದ್ದಾಗ ತನ್ನ ಪ್ರಬಂಧವನ್ನು ಕಾಲೇಜು ಕೊಟ್ಟ ಅಂತರಜಾಲದ ಉಗ್ರಾಣದಲ್ಲಿ ಇಟ್ಟುಕೊಂಡಿದ್ದಳು. ಒಂದು ಸಂಜೆ ಮನೆಯ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿನ ಗಣಕಯಂತ್ರದಲ್ಲಿಯೇ ತನ್ನ ಖಾತೆಯನ್ನು ತೆರೆದು, ಎರಡು ಅಧ್ಯಾಯಗಳ ಮುದ್ರಿತ ಪ್ರತಿ ತೆಗೆಸಿಕೊಂಡು ಹಿಂದಿರುಗಿದಳು. ಖಾತೆಯಿಂದ ಹೊರಬರುವುದನ್ನು ಮರೆತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಪ್ರಬಂಧದ ಕಡತಗಳಿದ್ದ ಕಪಾಟು ಬರಿದಾಗಿತ್ತು. ಅವಳ ನಂತರ ಅದೇ ಯಂತ್ರದ ಮುಂದೆ ಕುಳಿತವರು ಯಾರೋ ತಿಳಿಯದೆಯೋ ತುಂಟತನಕ್ಕೋ ಎಲ್ಲವನ್ನೂ ಅಳಿಸಿದ್ದರು.

ಅದೃಷ್ಟಕ್ಕೆ, ಅಳಿಸಿದ ಕಡತಗಳು ಆ ಉಗ್ರಾಣದ ಕಸದ ಬುಟ್ಟಿಯಲ್ಲಿ ಇನ್ನೂ ಉಳಿದಿದ್ದವು. ಎರಡು ವರ್ಷಗಳ ಶ್ರಮ ಹೀಗೆ ಮರಳಿ ದೊರಕಿತು. ಆದರೆ ಆ ಬೆಳಿಗ್ಗೆ ಆ ಮನೆಯಲ್ಲಿ ಯಾರೂ ಉಪಾಹಾರ ಮುಟ್ಟಲಿಲ್ಲವೆಂದು ತಾಯಿ ಹೇಳಿದರು. "ಬೀಗ ಚೆನ್ನಾಗಿಯೇ ಇತ್ತಂತೆ, ನಾವೇ ಬೀಗದ ಕೈಯನ್ನು ಅಂಗಡಿಯಲ್ಲಿ ಬಿಟ್ಟು ಬಂದೆವು" ಎಂದು ಅವರು ಆಡಿದ ಮಾತು ಈ ಲೇಖನಕ್ಕೆ ಪ್ರೇರಣೆ.

ದೂರದ ವಿಶ್ವವಿದ್ಯಾಲಯ

ನಮ್ಮ ನಾಡಿನ ವಿಶ್ವವಿದ್ಯಾಲಯಗಳ ರಚನೆಯೇ ದೂರದ ಸಂಪರ್ಕವನ್ನು ಅನಿವಾರ್ಯ ಮಾಡಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲಿದೆ. ಅದಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳು ಕೃಷ್ಣರಾಜಪುರದ ಸುತ್ತಮುತ್ತ ಇವೆ. ಬೆಂಗಳೂರು ವಿಶ್ವವಿದ್ಯಾಲಯವು ವಿಭಜನೆಗೊಂಡು 2017ರಲ್ಲಿ ರೂಪುಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕೋಲಾರದಲ್ಲಿದೆ. ನಗರದ ಪೂರ್ವಭಾಗದ ಅನೇಕ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದಿವೆ. ವಿದ್ಯಾರ್ಥಿ ಒಂದು ಊರಿನಲ್ಲಿ, ಅಧ್ಯಾಪಕರು ಇನ್ನೊಂದು ಬಡಾವಣೆಯಲ್ಲಿ, ಪರೀಕ್ಷಾ ವಿಭಾಗ ಮತ್ತೊಂದು ಜಿಲ್ಲೆಯಲ್ಲಿ ಇರುವಾಗ ಕಡತಗಳೇ ಪ್ರಯಾಣ ಮಾಡಬೇಕಾಗುತ್ತದೆ.

ಇಂಥ ಪ್ರಯಾಣಕ್ಕೆ ಒಂದು ಉತ್ತಮ ಮಾದರಿ ಮಹದೇವಪುರದಿಂದ ಬಹು ದೂರದಲ್ಲೇನೂ ಇಲ್ಲ. ಹಳೆಯ ಮದರಾಸು ರಸ್ತೆಯಲ್ಲಿ ಬೈಯಪ್ಪನಹಳ್ಳಿಯ ಬಳಿ ಸಿ-ಡ್ಯಾಕ್ ಸಂಸ್ಥೆಯ ಜ್ಞಾನೋದ್ಯಾನವಿದೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ 'ಪರಮ್ ಪದ್ಮ' ಎಂಬ ಮಹಾಗಣಕವು 2003ರಲ್ಲಿ ಅಲ್ಲಿ ಕಾರ್ಯ ಆರಂಭಿಸಿತು. ಮುಂದೆ ಅದೇ ಸಂಸ್ಥೆ 'ಗರುಡ' ಎಂಬ ರಾಷ್ಟ್ರೀಯ ಜಾಲವನ್ನು ಕಟ್ಟಿ, ದೇಶದ ಹಲವು ನಗರಗಳ ಸಂಶೋಧಕರು ತಮ್ಮ ಮೇಜಿನಿಂದಲೇ ಮಹಾಗಣಕಗಳಿಗೆ ಕಡತ ಕಳುಹಿಸಿ ಉತ್ತರ ಪಡೆಯುವಂತೆ ಮಾಡಿತು. ಬಂದವರು ನಿಜವಾದ ಸಂಶೋಧಕರೇ ಎಂದು ತಿಳಿಯಲು ಪ್ರತಿಯೊಬ್ಬರಿಗೂ ಪ್ರತ್ಯೇಕ ಡಿಜಿಟಲ್ ಪ್ರಮಾಣಪತ್ರ ನೀಡುವ ವ್ಯವಸ್ಥೆಯೂ ಇಲ್ಲಿಂದಲೇ ನಡೆಯಿತು. ಒಬ್ಬರ ಪತ್ರವನ್ನು ಮತ್ತೊಬ್ಬರು ಬಳಸುವಂತಿಲ್ಲ. ಈ ನಿಯಮವು ಮಹಾಗಣಕಕ್ಕೆ ಎಷ್ಟು ಅನ್ವಯಿಸುತ್ತದೆಯೋ ಬಿ.ಕಾಂ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕಕ್ಕೂ ಅಷ್ಟೇ ಅನ್ವಯಿಸುತ್ತದೆ.

ಅಂಚೆಕಾರ್ಡಿನಿಂದ ಮುದ್ರೆಯೊತ್ತಿದ ಲಕೋಟೆಗೆ

ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಕಡತ ಸಾಗಿಸುವ ವಿಧಾನದ ಇತಿಹಾಸದಲ್ಲಿ ಭಾರತೀಯರೊಬ್ಬರ ಹೆಸರಿದೆ. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದ ವಿದ್ಯಾರ್ಥಿ ಅಭಯ ಭೂಷಣ್ ಅವರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, 'ಎಫ್.ಟಿ.ಪಿ.' ಎಂಬ ನಿಯಮಾವಳಿಯ ಮೊದಲ ಕರಡನ್ನು ರಚಿಸಿದರು. ಅಂದಿನ ಜಾಲದಲ್ಲಿದ್ದವರು ಕೆಲವೇ ಸಂಸ್ಥೆಗಳವರು. ಪರಸ್ಪರ ನಂಬಿಕೆ ಇತ್ತು. ಹೀಗಾಗಿ ಬಳಕೆದಾರನ ಹೆಸರು, ಪಾಸ್‌ವರ್ಡ್, ಕಡತದ ಒಳಗಿನ ಬರಹ ಎಲ್ಲವೂ ಅಂಚೆಕಾರ್ಡಿನ ಒಕ್ಕಣೆಯಂತೆ ತೆರೆದೇ ಸಾಗುತ್ತಿದ್ದವು.

ಜಾಲ ಬೆಳೆದಂತೆ ಆ ನಂಬಿಕೆಗೆ ಪೆಟ್ಟು ಬಿತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು, ಹಾದುಹೋಗುವ ಪಾಸ್‌ವರ್ಡುಗಳನ್ನು ಸಂಗ್ರಹಿಸುತ್ತಿದ್ದುದು ಬೆಳಕಿಗೆ ಬಂತು. ಅಲ್ಲಿದ್ದ ಸಂಶೋಧಕ ಟಾಟು ಯೂಲೆನೆನ್ ಅವರು ಅದಕ್ಕೆ ಉತ್ತರವಾಗಿ 'ಎಸ್.ಎಸ್.ಎಚ್.' ಎಂಬ ವ್ಯವಸ್ಥೆಯನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಹಂಚಿದರು. ಆ ವರ್ಷದ ಕೊನೆಗೆ 50 ದೇಶಗಳ ಸುಮಾರು 20,000 ಜನ ಅದನ್ನು ಬಳಸುತ್ತಿದ್ದರು. ಕಡತವೂ ಪಾಸ್‌ವರ್ಡೂ ಸಂಕೇತಲಿಪಿಗೆ ತಿರುಗಿ, ಮುದ್ರೆಯೊತ್ತಿದ ಲಕೋಟೆಯಂತೆ ಸಾಗುವುದು ಇದರ ವಿಶೇಷ. ಒಂದು ವಿಶ್ವವಿದ್ಯಾಲಯದ ಸಂಕಟದಿಂದ ಹುಟ್ಟಿದ ಸಾಧನವೇ ಇಂದು ಜಗತ್ತಿನ ವಿಶ್ವವಿದ್ಯಾಲಯಗಳನ್ನು ಕಾಯುತ್ತಿದೆ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್‌ನಂಥ ಪ್ರಮುಖ ಬ್ರೌಸರುಗಳು ಹಳೆಯ ಎಫ್.ಟಿ.ಪಿ.ಯನ್ನು ಕೈಬಿಟ್ಟವು. ಯಾವುದೇ ಕಾಲೇಜು ಇಂದಿಗೂ ಸಿಬ್ಬಂದಿಯ ಕಡತಗಳಿಗೆ ಆ ಹಳೆಯ ವಿಧಾನವನ್ನೇ ನೆಚ್ಚಿಕೊಂಡಿದ್ದರೆ ಅದನ್ನು ಬಿಡುವುದೇ ಮೊದಲ ಸುಧಾರಣೆ.

ಕೇಳಬೇಕಾದ ಮೂರು ಪ್ರಶ್ನೆಗಳು

ವಿಧಾನಗಳ ಹೆಸರುಗಳು ಅನೇಕ. ಅವು ಕಾಲಕಾಲಕ್ಕೆ ಬದಲಾಗುತ್ತವೆ. ಆದರೆ ಯಾವ ವಿಧಾನ ಎದುರಾದರೂ ಮೂರು ಪ್ರಶ್ನೆಗಳನ್ನು ಕೇಳಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಮೊದಲನೆಯದು, ದಾರಿಯ ನಡುವೆ ಯಾರಾದರೂ ಕಡತವನ್ನು ಓದಬಲ್ಲರೇ? ಎರಡನೆಯದು, ಬಾಗಿಲು ತಟ್ಟಿದವರು ನಿಜವಾಗಿ ಯಾರೆಂದು ಕಾಲೇಜಿಗೆ ಹೇಗೆ ತಿಳಿಯುತ್ತದೆ? ಮೂರನೆಯದು, ಒಳಗೆ ಬಂದವರು ಎಷ್ಟು ಕೊಠಡಿಗಳನ್ನು ಪ್ರವೇಶಿಸಬಲ್ಲರು?

ಇವುಗಳಲ್ಲಿ ಮೂರನೆಯದನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ಒಂದು ಪುಸ್ತಕ ಬೇಕೆಂದು ಬಂದ ನೆಂಟರಿಗೆ ಮನೆಯ ಎಲ್ಲ ಬೀಗದ ಕೈಗಳ ಗೊಂಚಲನ್ನೇ ಕೊಡುವವರಿಲ್ಲ. ಬೇಕಾದ ಕಪಾಟನ್ನು ಮಾತ್ರ ತೆರೆಯುವ ವಿಧಾನವೇ ಉತ್ತಮ ವಿಧಾನ. ಅದಕ್ಕಿಂತ ಹೆಚ್ಚು ತೆರೆಯುವುದೆಲ್ಲ ಮುಂದೊಂದು ದಿನ ಅಪಾಯಕ್ಕೆ ದಾರಿ.

ಬಾಗಿಲುಗಳ ಪರಿಚಯ

ಅಂತರಜಾಲದ ಉಗ್ರಾಣ: ಕಾಲೇಜು ತನ್ನ ವಿದ್ಯಾರ್ಥಿ, ಅಧ್ಯಾಪಕರಿಗೆ ಕೊಡುವ ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದವು ಈ ವರ್ಗದವು. ದಾರಿಯಲ್ಲಿ ಕಡತ ಸಂಕೇತಲಿಪಿಯಲ್ಲಿರುತ್ತದೆ. ಒಂದೊಂದು ಕಡತಕ್ಕೂ ಬೇರೆ ಬೇರೆ ಅನುಮತಿ ಕೊಡಬಹುದು. ಹಿಂದಿನ ಆವೃತ್ತಿಯನ್ನು ಮರಳಿ ಪಡೆಯಬಹುದು. ಸಾಮಾನ್ಯ ಬೋಧನಾ ಕಾರ್ಯಕ್ಕೆ ಇದು ಸಾಕು. ಇದರ ದೋಷ ಹಂಚಿಕೆಯಲ್ಲಿದೆ. 'ಕೊಂಡಿ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯನ್ನು ಒತ್ತಿ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ಕಡತ ಎಲ್ಲಿಯವರೆಗೆ ಹೋಗುತ್ತದೆಂದು ಹೇಳಲಾಗದು. ಹೆಸರು ಹೆಸರಾಗಿ ಅನುಮತಿ ಕೊಡುವುದೇ ಸರಿಯಾದ ಕ್ರಮ. ಮತ್ತೊಂದು ಸಂಗತಿಯನ್ನೂ ನೆನಪಿಡಬೇಕು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸ್ಥಳ ಕೊಡುತ್ತಿದ್ದ ಗೂಗಲ್, 2021ರಲ್ಲಿ ಹೊಸ ನಿಯಮ ಪ್ರಕಟಿಸಿ, 2022ರ ಜುಲೈನಿಂದ ಪ್ರತಿ ಸಂಸ್ಥೆಗೂ ಮೂಲತಃ 100 ಟೆರಾಬೈಟುಗಳ ಮಿತಿ ವಿಧಿಸಿತು. ಸ್ಥಳ ಉಳಿಸಲು ಸಂಸ್ಥೆಗಳು ಓದು ಮುಗಿಸಿದವರ ಖಾತೆಗಳನ್ನು ಮುಚ್ಚುವುದು ಸಹಜ. ಪದವಿ ಮುಗಿಯುವ ಮುನ್ನವೇ ನಮ್ಮ ಕಡತಗಳನ್ನು ನಮ್ಮದೇ ಸ್ಥಳಕ್ಕೆ ತಂದುಕೊಳ್ಳಬೇಕು.

ಎಸ್.ಎಫ್.ಟಿ.ಪಿ.: ಮೇಲೆ ಹೇಳಿದ ಎಸ್.ಎಸ್.ಎಚ್. ವ್ಯವಸ್ಥೆಯ ಮೂಲಕ ಕಡತ ಸಾಗಿಸುವ ವಿಧಾನವಿದು. ಬೃಹತ್ ದತ್ತಾಂಶವಿರುವ ಸಂಶೋಧಕರಿಗೆ ಇದು ಹೇಳಿ ಮಾಡಿಸಿದ್ದು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಗೊಂಡ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಂಥ ಮಹಾಗಣಕಗಳನ್ನು ಸಂಶೋಧಕರು ಎಸ್.ಎಸ್.ಎಚ್. ಮೂಲಕವೇ ತಲಪುತ್ತಾರೆ. ಇದರಲ್ಲಿ ಪಾಸ್‌ವರ್ಡಿನ ಬದಲು ಜೋಡಿ ಕೀಲಿಯನ್ನು ಬಳಸಬಹುದು. ಒಂದು ಕೀಲಿ ನಮ್ಮ ಯಂತ್ರದಲ್ಲಿಯೇ ಗುಪ್ತವಾಗಿರುತ್ತದೆ. ಅದರ ಜೊತೆಯದನ್ನು ಮಾತ್ರ ಸರ್ವರಿನಲ್ಲಿ ಇಡುತ್ತಾರೆ. ಗುಪ್ತ ಕೀಲಿಯನ್ನು ಯಾರಿಗೂ ಕಳುಹಿಸಬಾರದು. ದಿನವೂ ಸಂಪರ್ಕಿಸುವ ಸರ್ವರಿನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದರೆ, 'ಹೌದು' ಎಂದು ಒತ್ತಿ ಮುಂದುವರಿಯದೆ ಗಣಕ ವಿಭಾಗವನ್ನು ವಿಚಾರಿಸಬೇಕು.

ವಿ.ಪಿ.ಎನ್.: ಮನೆಯ ಯಂತ್ರದಿಂದ ಕಾಲೇಜಿನ ಜಾಲದವರೆಗೆ ಸುರಂಗ ತೋಡಿದಂತೆ ಈ ವ್ಯವಸ್ಥೆ. ಸುರಂಗದೊಳಗೆ ನಡೆಯುವುದು ಹೊರಗಿನವರಿಗೆ ಕಾಣದು. ಕಾಲೇಜಿನ ಒಳಗಷ್ಟೇ ದೊರೆಯುವ ಕಡತಗಳು, ಲೆಕ್ಕಪತ್ರದ ತಂತ್ರಾಂಶ ಮುಂತಾದವನ್ನು ಬಳಸುವ ಸಿಬ್ಬಂದಿಗೆ ಇದು ಅವಶ್ಯಕ. ಆದರೆ ಸುರಂಗವು ಎರಡೂ ಕಡೆಗೆ ತೆರೆದಿರುತ್ತದೆ. ಮನೆಯ ಯಂತ್ರಕ್ಕೆ ವೈರಸ್ ತಗುಲಿದ್ದರೆ ಅದೂ ಒಳಗೆ ನುಗ್ಗಬಹುದು. ಆದ್ದರಿಂದ ಪ್ರತಿಯೊಬ್ಬರೂ ತಮಗೆ ಬೇಕಾದ ಸರ್ವರನ್ನು ಮಾತ್ರ ತಲಪುವಂತೆ ಕಾಲೇಜು ಕಟ್ಟುಪಾಡು ಮಾಡಬೇಕು, ವಿ.ಪಿ.ಎನ್. ಉಪಕರಣಕ್ಕೆ ತಯಾರಕರು ಕೊಡುವ ತಿದ್ದುಪಡಿಗಳನ್ನು ಕೂಡಲೇ ಅಳವಡಿಸಬೇಕು. ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ಮೊಬೈಲಿನಲ್ಲಿ ಪುಕ್ಕಟೆ ದೊರೆಯುವ ವಿ.ಪಿ.ಎನ್. ಬೇರೆ, ಕಾಲೇಜಿನದು ಬೇರೆ. ಪುಕ್ಕಟೆಯದರ ಸುರಂಗವು ಕಾಲೇಜಿಗೆ ಹೋಗುವುದಿಲ್ಲ. ಯಾರೋ ಅಪರಿಚಿತರ ಅಂಗಳಕ್ಕೆ ಹೋಗುತ್ತದೆ.

ದೂರದ ಪರದೆ: ಕಡತವು ಕಾಲೇಜಿನ ಯಂತ್ರದಲ್ಲಿಯೇ ಉಳಿದು, ಅದರ ಪರದೆ ಮಾತ್ರ ಮನೆಯಲ್ಲಿ ಕಾಣುವ ವಿಧಾನವಿದು. ಅಂಕಪಟ್ಟಿ, ವೇತನ, ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳಂಥ ಸೂಕ್ಷ್ಮ ಕಡತಗಳನ್ನು ಮನೆಗೆ ಇಳಿಸಿಕೊಳ್ಳದೆ ನೋಡಲು ಇದು ಯೋಗ್ಯ. ಆದರೆ ಇದನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಟ್ಟರೆ ಹಾದಿಹೋಕರೆಲ್ಲ ಬಾಗಿಲು ತಟ್ಟುತ್ತಾರೆ. ವಿ.ಪಿ.ಎನ್. ಅಥವಾ ಕಾವಲು ದ್ವಾರದ ಹಿಂದೆ ಮಾತ್ರ ಇದನ್ನು ಇಡಬೇಕು.

ಹಂಚಿಕೆಯ ಕಪಾಟು: ವಿಭಾಗದ ಯಂತ್ರಗಳೆಲ್ಲ ಸೇರಿ ಬಳಸುವ ವಿಂಡೋಸ್ ಹಂಚಿಕೆಯ ವ್ಯವಸ್ಥೆಯು ಕಾಲೇಜಿನ ಗೋಡೆಗಳ ಒಳಗೆ ಅನುಕೂಲಕರ. ಅದನ್ನು ಹೊರಗಿನ ಜಾಲಕ್ಕೆ ಎಂದೂ ನೇರವಾಗಿ ತೆರೆಯಬಾರದು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಸ್ತಬ್ಧಗೊಳಿಸಿದ 'ವನ್ನಾಕ್ರೈ' ಹಾವಳಿ ಹರಡಿದ್ದು ಈ ಹಂಚಿಕೆ ವ್ಯವಸ್ಥೆಯ ಹಳೆಯ ಆವೃತ್ತಿಯಲ್ಲಿದ್ದ ದೋಷದಿಂದ.

ಪುಸ್ತಕ ಭಂಡಾರದ ಪ್ರವೇಶ: ಸಂಶೋಧನಾ ಪತ್ರಿಕೆಗಳನ್ನು ಮನೆಯಿಂದ ಓದಲು ಪ್ರತ್ಯೇಕ ವ್ಯವಸ್ಥೆಯಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ 'ಇನ್‌ಫೆಡ್' ಒಕ್ಕೂಟದಲ್ಲಿ ವಿದ್ಯಾರ್ಥಿ ತನ್ನ ಸಂಸ್ಥೆಯ ಪಾಸ್‌ವರ್ಡನ್ನು ಸಂಸ್ಥೆಗೇ ತೋರಿಸುತ್ತಾನೆ. ಪ್ರಕಾಶಕರಿಗೆ 'ಇವನು ನಮ್ಮವನು' ಎಂಬ ಸಾಕ್ಷಿ ಮಾತ್ರ ತಲಪುತ್ತದೆ. ಕೇಂದ್ರ ಸರ್ಕಾರವು 2024ರ ನವೆಂಬರ್‌ನಲ್ಲಿ ಒಪ್ಪಿದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುವಂತಾಗಿದೆ. ಸರ್ಕಾರಿ ಕಾಲೇಜುಗಳಲ್ಲಿ ಓದುವ ಮಕ್ಕಳು ಇದನ್ನು ಗ್ರಂಥಪಾಲಕರಲ್ಲಿ ವಿಚಾರಿಸಿ ಉಪಯೋಗಿಸಿಕೊಳ್ಳಬೇಕು.

ಯಾರಿಗೆ ಯಾವುದು?

ಪಾಠದ ಟಿಪ್ಪಣಿ, ನಿಯೋಜಿತ ಕಾರ್ಯಗಳಿಗೆ ವಿದ್ಯಾರ್ಥಿಗೆ ಸಂಸ್ಥೆಯ ಉಗ್ರಾಣವೇ ಸಾಕು, ಅವನಿಗೆ ವಿ.ಪಿ.ಎನ್. ಕೊಟ್ಟು ಇಡೀ ಜಾಲವನ್ನು ತೆರೆಯುವ ಅಗತ್ಯವಿಲ್ಲ. ಸಂಶೋಧಕರಿಗೆ ಕೀಲಿಸಹಿತ ಎಸ್.ಎಫ್.ಟಿ.ಪಿ. ಉತ್ತಮ. ಕಚೇರಿಯ ಸಿಬ್ಬಂದಿಗೆ ವಿ.ಪಿ.ಎನ್. ಮತ್ತು ಅದರ ಹಿಂದೆ ದೂರದ ಪರದೆ ಯೋಗ್ಯ.

ಪರೀಕ್ಷಾ ವಿಭಾಗದ ಮಾತು ಬೇರೆಯೇ. 2016ರ ಮಾರ್ಚಿಯಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಬಯಲಾದಾಗ ನಮ್ಮ ರಾಜ್ಯದ ಮಕ್ಕಳೂ ಪಾಲಕರೂ ಪಟ್ಟ ಬವಣೆ ಇನ್ನೂ ನೆನಪಿನಲ್ಲಿದೆ. ಅದು ಮುದ್ರಿತ ಕಾಗದದ ಸೋರಿಕೆ. ಕಡತದ ರೂಪದ ಪ್ರಶ್ನೆಪತ್ರಿಕೆ ಸೋರಿದರೆ ಅದು ಊರೂರು ತಲಪಲು ನಿಮಿಷಗಳು ಸಾಕು. ಆದ್ದರಿಂದ ಪ್ರಶ್ನೆಪತ್ರಿಕೆಯ ಕಡತವನ್ನು ಮಿಂಚಂಚೆಗೆ ಲಗತ್ತಿಸುವುದಾಗಲಿ, ಮನೆಯ ಯಂತ್ರದಲ್ಲಿ ಉಳಿಸುವುದಾಗಲಿ ಕೂಡದು. ಯಾರು, ಯಾವಾಗ ತೆರೆದರೆಂಬ ದಾಖಲೆ ಉಳಿಯುವ ವ್ಯವಸ್ಥೆಯೇ ಅದಕ್ಕೆ ಬೇಕು.

ಅಂಕಪಟ್ಟಿಗಳ ವಿಷಯದಲ್ಲಿ ಪಾಲಕರಿಗೆ ಒಂದು ಸೂಚನೆ. ಮಕ್ಕಳ ಅಂಕಪಟ್ಟಿಯ ಛಾಯಾಪ್ರತಿಯನ್ನು ಕೇಳಿದವರಿಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಬದಲು, ವಿಶ್ವವಿದ್ಯಾಲಯ ಅಥವಾ ಮಂಡಳಿ ಡಿಜಿಲಾಕರ್‌ನಲ್ಲಿ ನೀಡಿದ್ದರೆ ಅದನ್ನೇ ಬಳಸಬಹುದು. ಕಾನೂನಿನಲ್ಲಿ ಅದಕ್ಕೆ ಮೂಲಪ್ರತಿಯ ಮಾನ್ಯತೆಯಿದೆ.

ಬೀಗದ ಕೈ ಒಬ್ಬರದೇ

ಯಾವ ಬಾಗಿಲನ್ನೇ ಆರಿಸಿದರೂ ಬೀಗದ ಕೈ ಕಳೆದರೆ ಫಲವಿಲ್ಲ. ನಮ್ಮ ಕುಟುಂಬಗಳಲ್ಲಿ ಎಲ್ಲವನ್ನೂ ಹಂಚಿಕೊಂಡು ಬಾಳುವುದು ಒಳ್ಳೆಯ ಸಂಪ್ರದಾಯ. ಆದರೆ ಪಾಸ್‌ವರ್ಡ್ ಹಂಚಿಕೊಳ್ಳುವ ವಸ್ತುವಲ್ಲ. ಅಣ್ಣನ ಖಾತೆಯಲ್ಲಿ ತಮ್ಮ, ಅಧ್ಯಾಪಕ ತಂದೆಯ ಖಾತೆಯಲ್ಲಿ ಮಗ ಕೆಲಸ ಮಾಡುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ತಂದೆಯ ಖಾತೆಯಲ್ಲಿ ನೂರಾರು ಮಕ್ಕಳ ಅಂಕಗಳಿರುತ್ತವೆ ಎಂಬುದನ್ನು ನೆನೆದರೆ ಇದರ ಗಾಂಭೀರ್ಯ ಅರಿವಾಗುತ್ತದೆ. ಮನೆಯಲ್ಲಿ ಒಂದೇ ಗಣಕಯಂತ್ರವಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಕೊಳ್ಳಲು ಖರ್ಚೇನೂ ಇಲ್ಲ.

ಪಾಸ್‌ವರ್ಡಿನ ಜೊತೆಗೆ ಎರಡನೆಯ ಗುರುತನ್ನೂ ಕೇಳುವ ವ್ಯವಸ್ಥೆಯನ್ನು ತಪ್ಪದೆ ಅಳವಡಿಸಿಕೊಳ್ಳಬೇಕು. ಮೊಬೈಲಿಗೆ ಬರುವ ಓ.ಟಿ.ಪಿ. ಏನೂ ಇಲ್ಲದಿರುವುದಕ್ಕಿಂತ ಮೇಲು. ವಂಚಕರು ಸಿಮ್ ಬದಲಾಯಿಸಿಯೋ ಮಾತಿನಲ್ಲಿ ಮರುಳು ಮಾಡಿಯೋ ಅದನ್ನು ಪಡೆಯುವುದುಂಟಾದ್ದರಿಂದ, ಸಂಖ್ಯೆಯನ್ನು ನಮ್ಮ ಮೊಬೈಲಿನಲ್ಲಿಯೇ ಹುಟ್ಟಿಸುವ ಆ್ಯಪ್ ಇನ್ನೂ ಮೇಲು. ಬೆರಳ ಗುರುತಿನಿಂದ ತೆರೆಯುವ 'ಪಾಸ್‌ಕೀ' ಅದಕ್ಕಿಂತಲೂ ಭದ್ರ. ನಕಲಿ ತಾಣದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಬೇಕಾದಾಗ ಖಾತೆ ತೆರೆಯದೆ, ಮುದ್ರಿಸಬೇಕಾದ ಒಂದು ಕಡತವನ್ನಷ್ಟೇ ಒಯ್ಯುವುದು ಲೇಸು.

ಇನ್ನೊಂದು ಪ್ರತಿ ಬೇರೆಡೆ ಇರಲಿ

ನೆದರ್‌ಲೆಂಡ್ಸ್‌ನ ಮಾಸ್‌ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ನಡೆದ ಘಟನೆ ಇಲ್ಲಿ ಪಾಠವಾಗಬಲ್ಲದು. 2019ರ ಅಕ್ಟೋಬರ್‌ನಲ್ಲಿ ಅಲ್ಲಿ ಒಂದು ಮೋಸದ ಮಿಂಚಂಚೆಯ ಕೊಂಡಿಯನ್ನು ಯಾರೋ ಒತ್ತಿದರು. ಒಳಹೊಕ್ಕ ವಂಚಕರು ಎರಡು ತಿಂಗಳು ಸದ್ದಿಲ್ಲದೆ ಕೊಠಡಿಯಿಂದ ಕೊಠಡಿಗೆ ಸರಿದರು. ಡಿಸೆಂಬರ್ 23ರಂದು 267 ಸರ್ವರುಗಳ ಕಡತಗಳನ್ನು ಸಂಕೇತಲಿಪಿಗೆ ತಿರುಗಿಸಿ ಬೀಗ ಹಾಕಿದರು. ಕೆಲವು ರಕ್ಷಾಪ್ರತಿಗಳು ಅದೇ ಜಾಲದಲ್ಲಿದ್ದುದರಿಂದ ಅವೂ ಕೈತಪ್ಪಿದವು. ವಿಶ್ವವಿದ್ಯಾಲಯವು ಸುಮಾರು ಎರಡು ಲಕ್ಷ ಯೂರೋ ತೆತ್ತು ಬೀಗ ಬಿಡಿಸಿಕೊಂಡಿತು. ಒಂದು ಬಾಗಿಲಿನಿಂದ ಇಡೀ ಮನೆಗೆ ದಾರಿಯಿದ್ದುದು, ಇನ್ನೊಂದು ಪ್ರತಿಯೂ ಅದೇ ಮನೆಯಲ್ಲಿದ್ದುದು – ಈ ಎರಡೂ ಅಲ್ಲಿ ಮುಳುವಾದವು.

ಆದ್ದರಿಂದ ಕಾಲೇಜುಗಳು ಒಂದು ರಕ್ಷಾಪ್ರತಿಯನ್ನಾದರೂ ಜಾಲದಿಂದ ಬೇರ್ಪಡಿಸಿ ಇಡಬೇಕು. ಅದು ಮರಳಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ವಿದ್ಯಾರ್ಥಿಗಳೂ ಪ್ರಬಂಧದ ಒಂದು ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಡ್ರೈವಿನಲ್ಲಿ ತುಂಬಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿ ಇಡಬೇಕು.

ಅಕಸ್ಮಾತ್ ಖಾತೆಯು ಪರರ ವಶವಾದ ಸಂದೇಹ ಬಂದರೆ ನಾಚಿಕೆಯಿಂದ ಮುಚ್ಚಿಡಬಾರದು. ಕೂಡಲೇ ಪಾಸ್‌ವರ್ಡ್ ಬದಲಾಯಿಸಿ ಕಾಲೇಜಿಗೆ ತಿಳಿಸಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ವಿದ್ಯಾರ್ಥಿ ತಡಮಾಡಿದರೆ ಅದೂ ತಡವಾಗುತ್ತದೆ. ಹಣದ ವಂಚನೆಯೂ ಸೇರಿದ್ದರೆ 1930 ಸಂಖ್ಯೆಗೆ ಕರೆ ಮಾಡಬಹುದು. ಮನೆಯಲ್ಲಿ ಬೈಗುಳ ಬೀಳುವುದೆಂಬ ಭಯದಿಂದ ಮಕ್ಕಳು ಸುಮ್ಮನಾಗದಂತೆ ಹಿರಿಯರು ನೋಡಿಕೊಳ್ಳಬೇಕು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ನಮ್ಮ ಹಿರಿಯರ ಗಾದೆ. ಮಹದೇವಪುರದ ಆ ಕುಟುಂಬ ಅಷ್ಟರಲ್ಲೇ ಎಚ್ಚೆತ್ತಿತು. ಈಗ ಅಲ್ಲಿ ತಿಂಗಳ ಮೊದಲ ಭಾನುವಾರ ಮಗಳು ತನ್ನ ಖಾತೆ ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ ಎಂಬ ಪಟ್ಟಿಯನ್ನು ನೋಡಿ, ಬೇಡವಾದವನ್ನು ಮುಚ್ಚುತ್ತಾಳೆ. ತಂದೆತಾಯಿಗಳೂ ತಮ್ಮ ಮೊಬೈಲು ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಇದಕ್ಕೆ ಹಿಡಿಯುವುದು ಹತ್ತು ನಿಮಿಷ. ಓದುಗ ಬಂಧುಗಳು ಬರುವ ಭಾನುವಾರ ತಮ್ಮ ಮನೆಯಲ್ಲಿಯೂ ಇದನ್ನು ಆರಂಭಿಸಬಹುದು.